ಎದುರು ರೈಲಿಗೆ ಎತ್ತಿದ ಕೈ

ಕ್ವಾಲಾಲಂಪುರದಲ್ಲಿ ಮುಂದಿನ ವಿಮಾನಕ್ಕೆ ಇನ್ನೂ ಒಂಬತ್ತು ತಾಸಿತ್ತು. ಊರು ನೋಡಲೆಂದು ಚಾಲಕನೇ ಇಲ್ಲದ ಮೆಟ್ರೊ ರೈಲು ಹತ್ತಿದೆವು. ಕೊಟ್ಟೂರು–ಹರಪನಹಳ್ಳಿ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ನನ್ನ ಸೋದರಮಾವ ಎಲ್ಲರಿಗಿಂತ ಮುಂದೆ, ಗಾಜಿಗೆ ಮುಖ ಕೊಟ್ಟು ಕೂತರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಎದುರಿಗೆ ರೈಲು ಬಂದರೆ ಕೈ ಎತ್ತುತ್ತಿದ್ದರು.

“ಯಾರಿಗೆ ಮಾವಾ? ಅದರಾಗ ಡ್ರೈವರ್ರೇ ಇಲ್ಲಲ್ರಿ.”

“ಎದುರು ಬಂದವ್ರಿಗೆ ಕೈ ಎತ್ತಬೇಕಲೇ, ರೂಢಿ,” ಎಂದು ನಕ್ಕರು.

ನಾಲ್ಕನೆಯ ರೈಲು ದಾಟಿತು. ಅದರ ಗಾಜಿನ ಹಿಂದೆ ನನಗೆ ಕಂಡದ್ದು ಖಾಲಿ ಸೀಟು ಮಾತ್ರ. ಮಾವ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದರು.

“ಈ ಸಲ ಆ ಕಡಿಯವ್ನೂ ಕೈ ಎತ್ತಿದ್ನಲೇ.”

“ಯಾರ್ರಿ?” ಎಂದೆ.

ಮಾವ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ವಾಪಸು ಬರುವಾಗ ಮುಂದಿನ ಸೀಟು ಖಾಲಿಯಿದ್ದರೂ ತಾವಾಗಿಯೇ ನಡುವಿನ ಬೋಗಿ ಹತ್ತಿದರು.