ಮೂರನೇ ದಿನದ ಸೀರೆ

ಸಿನಿಮಾ ನಟನೊಬ್ಬ ಸತ್ತದ್ದಕ್ಕೆ ನನ್ನ ಗೆಳೆಯ ಮಗ್ಗ ನಿಲ್ಲಿಸಿ ಕೂತಿದ್ದಾನೆ ಎಂದು ಗೊತ್ತಾದಾಗ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಈ ಗೆಳೆಯ ಹಿಂದೂಪುರದಲ್ಲಿ ರೇಷ್ಮೆ ಸೀರೆ ನೇಯುವವನು. ನಾನು ಕಲ್ಯಾಣದುರ್ಗದಲ್ಲಿ ಮೇಷ್ಟ್ರು. ನಮ್ಮ ಜೊತೆಗೆ ಓದಿದ ಇನ್ನೊಬ್ಬ ಕೊಡಿಕೊಂಡದ ಚೆಕ್‌ಪೋಸ್ಟ್ ಹತ್ತಿರ ಢಾಬಾ ಇಟ್ಟಿದ್ದಾನೆ. ಕಾಲೇಜಿನ ದಿನಗಳಲ್ಲಿ ಮೂವರೂ ಸೇರಿ ಆ ನಟನ ಒಂದು ಸಿನಿಮಾವನ್ನೂ ಬಿಟ್ಟವರಲ್ಲ. ಆದರೂ ಇದು ಅತಿಯಾಯಿತು ಎನ್ನಿಸಿತು. ಬುದ್ಧಿ ಹೇಳಿ ಬರೋಣವೆಂದು ಭಾನುವಾರ ಬಸ್ಸು ಹತ್ತಿದೆ. ಮೇಷ್ಟ್ರುಗಳಿಗೆ ಇದೊಂದು ಚಟ.

ನೇಕಾರ ಗೆಳೆಯನ ಮನೆಯ ಜಗಲಿಯ ಮೇಲೆ ನಟನ ಫೋಟೊ, ಅದಕ್ಕೆ ಹಾರ, ಮುಂದೆ ದೀಪ. ಒಳಗೆ ಮಗ್ಗಕ್ಕೆ ಬಟ್ಟೆ ಮುಚ್ಚಿತ್ತು. ಅವರ ಬೀದಿಯಲ್ಲಿ ಸೂತಕದ ಮನೆಯವರು ಹನ್ನೊಂದು ದಿನ ಮಗ್ಗ ಆಡಿಸುವಂತಿಲ್ಲ. ಢಾಬಾದವನೂ ಆಗಲೇ ಬಂದು ಕೂತಿದ್ದ.

"ಏನ್ಲಾ ಇದು, ಸೂತಕನಾ?" ಎಂದೆ.

"ಹೂಂ ಕಣಪ್ಪ. ಹನ್ನೊಂದು ದಿನ ಆಗೋಗಂಟ ಮಗ್ಗ ಮುಟ್ಟಾಕಿಲ್ಲ" ಎಂದ ನೇಕಾರ.

"ನಿಂಗೆ ಅವನೇನಾಗಬೇಕು? ನೀನು ಅಂತ ಒಬ್ಬ ಇದ್ದೀಯ ಅನ್ನೋದಾದ್ರೂ ಅವಂಗೆ ಗೊತ್ತಿತ್ತಾ?"

"ಅವಂಗೆ ನಾನ್ ಗೊತ್ತಿರಬೇಕು ಅಂತ ಏನೈತೆ. ನಂಗೆ ಅವ್ನು ಗೊತ್ತಿದ್ನಲ್ಲ."

ಮಾತಿನಲ್ಲಿ ಸೋಲುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ; ಮತ್ತೆ ಬಾಯಿ ತೆರೆದೆ.

"ಊರುಕೋರಾ" ಎಂದು, ಸುಮ್ಮನಿರುವಂತೆ ಢಾಬಾದವನು ತೆಲುಗಿನಲ್ಲಿ ಗದರಿದ. ನಾನು ಕೇಳಲಿಲ್ಲ.

"ನಿಮ್ಮವ್ವ ಹೋದಾಗ ಮೂರನೇ ದಿನಕ್ಕೇ ಮಗ್ಗ ಆಡಿಸ್ದೋನು ನೀನು. ಹೆತ್ತೋಳಿಗಿಲ್ಲದ ಸೂತಕ ಇವನಿಗ್ಯಾಕಪ್ಪ?"

ಟೀ ಲೋಟ ಇಡುತ್ತಿದ್ದ ಅವನ ಹೆಂಡತಿ ಕೈ ತಡೆದು ನನ್ನನ್ನೇ ನೋಡಿದಳು. ಅವನು ಮಾತ್ರ ತಲೆ ಎತ್ತಲಿಲ್ಲ. "ಹೌದು ಕಣಪ್ಪ, ಆಡಿಸ್ದೆ" ಎಂದು ಎದ್ದು ಒಳಗೆ ಹೋದ. ಮಾತಿನಲ್ಲಿ ಗೆದ್ದೆ ಎಂದುಕೊಂಡು ನಾನು ಟೀ ಕುಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಢಾಬಾದವನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ನಾನು ಇಳಿದ ಮೇಲೆ, ಇಂಜಿನ್ ಆರಿಸದೆಯೇ ಕೇಳಿದ: "ಆ ಮೂರನೇ ದಿನ ಮಗ್ಗದಾಗೆ ಇದ್ದಿದ್ದು ಯಾರ್ ಸೀರೆ ಅಂತ ಗ್ಯಾಪಕ ಐತಾ ನಿಂಗೆ?"

ನನ್ನ ತಂಗಿಯ ಧಾರೆ ಸೀರೆ.

ಬಸ್ಸು ಕಂಬದೂರು ದಾಟುವಷ್ಟರಲ್ಲಿ ಎಲ್ಲವೂ ಒಂದೊಂದಾಗಿ ನೆನಪಿಗೆ ಬಂತು. ತಂಗಿಯ ಮದುವೆಗೆ ಒಂದು ವಾರವಿದ್ದಾಗ ಅವನ ಅವ್ವ ತೀರಿಕೊಂಡಿದ್ದಳು. ಸೆರಗು ಇನ್ನೂ ಬಾಕಿಯಿತ್ತು. ನೇಯಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಣ್ಣು ಮುಗಿಸಿ ಬಂದು ಕೂತಿದ್ದವನ ಎದುರು ನಿಂತು, "ಮದುವೆ ಬುಧವಾರ ಕಣ್ಲಾ" ಎಂದೆ, ಅಷ್ಟೇ. ಅಷ್ಟು ಸಾಕಾಗಿತ್ತು. ಮೂರನೇ ದಿನ, ಹಾಲುತುಪ್ಪ ಬಿಟ್ಟು ಬಂದವನೇ ಮಗ್ಗಕ್ಕಿಳಿದ. ಆ ಸದ್ದು ಕೇಳಿ ಬೀದಿಯ ಹಿರಿಯರು ಬಾಯಿಗೆ ಬಂದಂತೆ ಬೈದರು. ಯಾರ ಸೀರೆ, ಯಾಕೆ ಎಂದು ಅವನು ಯಾರಿಗೂ ಹೇಳಲಿಲ್ಲ.

ಸೂತಕದಲ್ಲಿ ನೇಯ್ದದ್ದೆಂದು ಗೊತ್ತಾಗಿದ್ದರೆ ನನ್ನ ಅಮ್ಮ ಆ ಸೀರೆಯನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಅದಕ್ಕೆ, ಅವನ ಅವ್ವ ತೀರಿಕೊಳ್ಳುವ ಮೊದಲೇ ಸೀರೆ ಮುಗಿದಿತ್ತು ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಮದುವೆಯಲ್ಲಿ ಸೀರೆಯನ್ನು ಹೊಗಳಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳಿ ಹೇಳಿ ಕೊನೆಗೆ ನಾನೂ ನಂಬಿಬಿಟ್ಟೆ. ಮಗ್ಗ ಆಡಿತೆಂಬ ಬೀದಿಯ ದೂರು ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು, ಅದೂ ಅವನ ತಪ್ಪಾಗಿ. ಅವನ ಅವ್ವನ ತಿಥಿಗೂ ನಾನು ಹೋಗಲಿಲ್ಲ. ಮದುವೆಯಾದ ಮನೆಯವರು ತಿಥಿಯ ಊಟ ಮಾಡಬಾರದೆಂದು ಅಮ್ಮ ತಡೆದಳು. ನನಗೂ ಅದೇ ಬೇಕಾಗಿತ್ತು.

ಆ ನಟನ ಹನ್ನೊಂದನೇ ದಿನಕ್ಕೆ ರಜೆ ಹಾಕಿ ಹೋದೆ. ಬೀದಿಗೆ ಶಾಮಿಯಾನ ಹಾಕಿಸಿ ಊಟಕ್ಕಿಟ್ಟಿದ್ದರು. ನೇಕಾರ ನನ್ನನ್ನು ಕಂಡು ಮತ್ತೆ ಬಡಿಸುವುದಕ್ಕೆ ತಿರುಗಿದ. ಪಂಕ್ತಿಯ ಕೊನೆಯಲ್ಲಿ ಕೂತೆ. ಪಾಯಸದ ಬಕೆಟ್ ಹಿಡಿದು ಅವನೇ ಬಂದ.

"ಲೇ, ಆವತ್ತು ನಾನಂದಿದ್ದು ತಪ್ಪಾಯ್ತು ಕಣ್ಲಾ" ಎಂದೆ.

"ಬಿಡಪ್ಪ. ನೀನೇನ್ ಸುಳ್ಳೇಳಿದ್ಯಾ? ಆಡಿಸಿದ್ದು ನಿಜ." ಬಗ್ಗಿ ನನ್ನ ಎಲೆಗೆ ಪಾಯಸ ಬಡಿಸಿದ. "ಅವ್ವನ ನೆಪ್ಪಾಗಿ ಕಣ್ಣೀರು ನಿಲ್ತಾ ಇರ್ಲಿಲ್ಲ. ರೇಷ್ಮೆ ಮ್ಯಾಲೆ ಹನಿ ಬಿದ್ರೆ ಕಲೆ ಆಯ್ತದೆ, ನಿನ್ ತಂಗಿ ಧಾರೆ ಸೀರೆ ಬೇರೆ. ಅದ್ಕೆ ಕಣ್ಣಿನ ಕೆಳಗೆ ಟವಲ್ ಬಿಗಿಯಾಗಿ ಕಟ್ಕಂಡು ಕೂತು ನೇಯ್ದೆ."

ಅವನು ಬಕೆಟ್ ಎತ್ತಿಕೊಂಡ.

"ಈ ಸರ್ತಿ ಮಗ್ಗದಾಗೆ ಯಾರ್ ಸೀರೆನೂ ಅರ್ಜೆಂಟ್ ಇರ್ಲಿಲ್ಲ ಕಣಪ್ಪ, ಕೂತ್ಕಂಡು ಅತ್ತೆ" ಎಂದು ಪಕ್ಕದ ಎಲೆಗೆ ಹೋದ.