ಟಾವರ ಜಾಗದ ಜೋಳ

ವಿಜಯಪುರದ ಸ್ಟೇಷನ್ ರಸ್ತೆಯ ಆ ಖಾಲಿ ಜಾಗದಲ್ಲಿ ಹನ್ನೆರಡು ಅಂತಸ್ತಿನ ಆಫೀಸು ಕಟ್ಟಡ ಬರುತ್ತದೆ ಎಂದು ಬೋರ್ಡು ನಿಂತು ಬಹಳ ವರ್ಷವಾಯಿತು. ಬೋರ್ಡಿನ ತುಂಬ ಗಾಜಿನ ಟಾವರು. ಕೆಳಗೆ ಕೋಟು ಹಾಕಿಕೊಂಡ ಗಂಡಸರು. ನಮ್ಮೂರ ಬಿಸಿಲಿಗೆ ಕೋಟು ಹಾಕಿಕೊಂಡು ಯಾವ ಪುಣ್ಯಾತ್ಮ ತಿರುಗುತ್ತಾನೆ ಎಂದು ವಾಚಮನ್ ಗುರಲಿಂಗಪ್ಪ ಮೊದಲ ದಿನವೇ ಕೇಳಿದ್ದ.

ನಡುವೆ ಎತ್ತರ ಹೆಚ್ಚಾಯಿತೆಂದು ಪರವಾನಗಿ ನಿಂತಿತು. ಗೋಳಗುಮ್ಮಟ ಇರುವ ಊರಿನಲ್ಲಿ ಇನ್ನೊಬ್ಬರು ತಲೆ ಎತ್ತುವುದು ಸುಲಭವಲ್ಲ. ಪೇಂಟರ್ ಬಂದು ಬೋರ್ಡಿನ ಮೇಲಿನ ಐದು ಅಂತಸ್ತಿಗೆ ಆಕಾಶದ ನೀಲಿ ಬಳಿದು ಹೋದ. ಎರಡು ಮಳೆಗಾಲಕ್ಕೆ ನೀಲಿ ತೊಳೆದು ಐದೂ ಅಂತಸ್ತು ಮತ್ತೆ ಕಂಡವು. ಆ ಜಾಗದಲ್ಲಿ ಅಲ್ಲಿಯತನಕ ಎದ್ದದ್ದು ಆ ಐದೇ.

ಗುರಲಿಂಗಪ್ಪನ ಹೆಂಡತಿ ಕಾಳವ್ವ. ಜೈನಾಪುರದ ಮಗಳು, ಘೋಣಸಗಿಯ ಸೊಸೆ. ಸಾಲಿ ಕಂಡದ್ದು ಎರಡು ವರ್ಷ. ಆಮೇಲೆ ಕಂಡದ್ದೆಲ್ಲ ಕುರ್ಪಿ, ಕುಡಗೋಲು. ಮಕ್ಕಳಾಗಲಿಲ್ಲ. ಅದಕ್ಕೆ ಅತ್ತದ್ದೂ ಆಯಿತು, ಬಿಟ್ಟದ್ದೂ ಆಯಿತು. ಬಬಲೇಶ್ವರದ ಸಂಗನಬಸವ ಸಾವಕಾರ ದ್ರಾಕ್ಷಿಯಲ್ಲಿ ದುಡಿದು ಪಟ್ಟಣದಲ್ಲಿ ಈ ಜಾಗ ಕೊಂಡಾಗ, ತನ್ನ ಹೊಲದಲ್ಲಿ ದುಡಿಯುತ್ತಿದ್ದ ಗಂಡ ಹೆಂಡತಿಯನ್ನೇ ಕಾಯಲು ಕರೆತಂದ. ಜಾಗದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಟ್ಟ.

ಜಾಗದ್ದು ಕರಿ ಎರಿ ಮಣ್ಣು. ಗುರಲಿಂಗಪ್ಪನಂಥ ಟಿಕೋಟಾ ಕಡೆಯವರಿಗೆ ಎರಿ ಮಣ್ಣು ಸುಮ್ಮನೆ ಬಿದ್ದದ್ದನ್ನು ನೋಡಲಾಗದು.

"ಟಾವರ ಬರೂತನಕ ಮಣ್ಣ ಯಾಕ ಉಪಾಸ ಇರಬೇಕ?" ಎಂದು ಗುರಲಿಂಗಪ್ಪ ನೆಲ ಕೆದರಿ ಬಿಳಿಜೋಳ ಬಿತ್ತಿದ. ಮುಂದೆ ಪ್ರತಿ ಹಿಂಗಾರಿಗೂ ಬಿತ್ತಿದ. ನಡುವೆ ಸಾವಕಾರ ಬಂದು ಗುದ್ದಲಿ ಪೂಜೆ ಮಾಡಿ ಹೋಗುತ್ತಿದ್ದ. ಪೂಜೆಯ ಗುಂಡಿಯನ್ನೂ ಗುರಲಿಂಗಪ್ಪ ಹಾಳು ಮಾಡುತ್ತಿರಲಿಲ್ಲ. ಅದರಲ್ಲಿ ಎರಡು ಬೀಜ ಊರುತ್ತಿದ್ದ.

ಹೋದ ಹಿಂಗಾರಿಗೂ ಬಿತ್ತಿದ. ಪೈರು ಗೇಣುದ್ದ ಆದಾಗ ಅವನೇ ಹೋದ. ಮುಂಜಾನೆ ಚಹಾ ತಗೊಂಡ. "ಭಾಳ ಬಿಸಿ ಐತಿ" ಅಂದ. ಕಪ್ಪು ಕೆಳಗಿಟ್ಟ. ಅಷ್ಟೇ. ಕಾಳವ್ವ ಯಾರು ಕೇಳಿದರೂ ಹೇಳುವುದು ಅಷ್ಟೇ.

ಜೈನಾಪುರದಿಂದ ಅಣ್ಣ ಕರೆಯಲು ಬಂದ. ಕಾಳವ್ವ ಏಳಲಿಲ್ಲ.

"ಜ್ವಾಳ ಬಿಟ್ಟ ಹೆಂಗ ಬರಲಿ? ಅವನ ಕೈಯಾಗಿನ ಕಡೀ ಬೀಜ ಐತಿ. ರಾಶಿ ಮಾಡತೇನಿ. ಆಮ್ಯಾಲ ಏನರ ಆಗಲಿ."

ಎಳ್ಳ ಅಮಾವಾಸ್ಯೆ ಬಂತು. ಹೊಲದಲ್ಲಿ ನಿಂತ ಪೈರು ಬಸುರಿ ಇದ್ದಂತೆ. ಅವತ್ತು ಅದಕ್ಕೆ ಬಯಕೆಯ ಊಟ. ರಸ್ತೆಯ ಆಚೆ ಚಹಾದ ಅಂಗಡಿ ಇಟ್ಟಿರುವ ದಾವಲಬಿ ಕೇಳಿದಳು, "ಕಾಳಕ್ಕಾ, ಗಂಡ ಹೋಗಿ ವರ್ಷ ಆಗಿಲ್ಲ. ನಿನಗ ಹಬ್ಬ ಎಲ್ಲಿದ ಬೇ?"

"ನನಗಿಲ್ಲ. ಪೈರಿಗೆ ಐತಿ. ಮನಿಯಾಗ ಸತ್ತಾರಂತ ಬಸುರಿ ಬಯಕಿ ನಿಲ್ಲಸ್ತಾರೇನ?"

ಸಜ್ಜಿ ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಲೆ ಮಾಡಿದಳು. ಹೊಲದಲ್ಲಿ ಮಾಡುವಂತೆಯೇ ಐದು ಕಲ್ಲು ಆರಿಸಿ, ಸುಣ್ಣ ಬಳಿದು, ಬೇವಿನ ಗಿಡದ ಬುಡಕ್ಕೆ ಪಾಂಡವರೆಂದು ಇಟ್ಟು ಪೂಜೆ ಮಾಡಿದಳು. ಕಲ್ಲು ಸಿಕ್ಕಿದ್ದು ಟಾವರಿನ ಕಾಂಕ್ರೀಟಿಗೆ ತಂದು ಸುರಿದಿದ್ದ ಖಡಿಯ ರಾಶಿಯಲ್ಲಿ. ಮಾಡಿದ ಅಡುಗೆಯನ್ನು ಪೈರಿನ ಸುತ್ತ ಚರಗವೆಂದು ಚೆಲ್ಲಿದಳು. ಪ್ರತಿ ವರ್ಷ ಮುಂದೆ ನಿಂತು ಚರಗದ ಕೂಗು ಹಾಕುತ್ತಿದ್ದವ ಇರಲಿಲ್ಲ. ತಾನೇ ಕೂಗಿದಳು. ಬಸ್ಸಿನ ಹಾರ್ನು ಅದನ್ನು ನುಂಗಿತು. ಕಲ್ಲು ಅಲ್ಲೇ ಬಿಟ್ಟು ಎದ್ದಳು.

ತಪ್ಪಾದದ್ದು ಅಲ್ಲೇ. ಹೊಲದಲ್ಲಿ ಪಾಂಡವರನ್ನು ಮರುದಿನ ಯಾರೂ ಕೇಳುವುದಿಲ್ಲ. ದನ ತುಳಿದು ಉರುಳಿಸುತ್ತವೆ. ಪಟ್ಟಣದಲ್ಲಿ ಸುಣ್ಣ ಬಳಿದ ಕಲ್ಲನ್ನು ಹಾಗೆ ಬಿಡುವವರು ಯಾರು? ಮರುದಿನ ಒಬ್ಬ ಆಟೋದವ ಕೈ ಮುಗಿದ. ಅದರ ಮರುದಿನ ಚೆಂಡುಹೂವು ಬಂತು. ವಾರದಲ್ಲಿ ಕೇಸರಿ ಬಾವುಟ. ವಕೀಲರ ಗುಮಾಸ್ತನೊಬ್ಬ ಬೇಡಿಕೊಂಡು ಹೋದ, ಅವನ ವರ್ಗಾವಣೆ ನಿಂತಿತು. ಗುಮಾಸ್ತನಿಗೆ ಎಂಥ ವರ್ಗಾವಣೆ ಎಂದು ಯಾರೂ ಕೇಳಲಿಲ್ಲ. ದಾವಲಬಿ ಚಹಾದ ಜೊತೆ ತೆಂಗಿನಕಾಯಿ ಇಟ್ಟಳು.

ಸಂಕ್ರಮಣ ಕಳೆದು ಪರವಾನಗಿ ಸಿಕ್ಕೇ ಬಿಟ್ಟಿತು. ಏಳು ಅಂತಸ್ತಿಗೆ. ಸಾವಕಾರನ ಎಂಜಿನಿಯರ್ ಚೇತನಕುಮಾರ ಜೆಸಿಬಿ ತಗೊಂಡು ಬಂದ. ಜೋಳ ಆಗ ತೆನೆ ಹಿಡಿದಿತ್ತು.

ಡ್ರೈವರ್ ಕೆಳಗಿಳಿದು ಬೇವಿನ ಗಿಡದ ಬುಡ ನೋಡಿದ. ಚಪ್ಪಲಿ ಬಿಟ್ಟು ನಿಂತ.

"ಸಾಹೇಬ್ರ, ನನಗ ಆಗೂದಿಲ್ರಿ. ಸಣ್ಣ ಸಣ್ಣ ಮಕ್ಕಳದಾವ."

"ಕಲ್ಲ ಅದಾವಲೇ ಅವು."

"ಕಲ್ಲಂದ್ರ ನೀವ ಎತ್ತಿ ಇಡ್ರಿ."

ಚೇತನಕುಮಾರ ಎರಡು ಹೆಜ್ಜೆ ಮುಂದೆ ಹೋದ. ನಿಂತ. ಅವನ ಮದುವೆ ಗೊತ್ತಾಗಿತ್ತು.

"ಇವನ್ನ ಯಾರ ಇಟ್ಟಾರ?" ಎಂದ.

"ನಾ ಇಟ್ಟೇನಿ," ಎಂದಳು ಕಾಳವ್ವ.

"ಮತ್ತ ನೀನ ತಗಿ, ಆಯಿ."

ದಾವಲಬಿ ಹಿಂದಿನಿಂದ ಸೆರಗು ಜಗ್ಗಿದಳು. "ಬಾಯಿ ಮುಚ್ಚಿ ಕುಂದ್ರ, ಕಾಳಕ್ಕಾ. ಕಲ್ಲ ಇರೂತನಕ ಟಾವರ ಇಲ್ಲ. ಟಾವರ ಇಲ್ಲಂದ್ರ ನಿನ್ನ ಶೆಡ್ಡ ಎಲ್ಲಿ ಹೊಕ್ಕೈತಿ?"

"ನಿನ್ನ ಕಾಯಿ ಯಾಪಾರಾನೂ ಎಲ್ಲಿ ಹೊಕ್ಕೈತಿ."

"ಹೌದ ಮತ್ತ. ನಾ ಏನ ಸುಳ್ಳ ಹೇಳತೇನೇನ?"

ಕಾಳವ್ವ ಯೋಚಿಸಿದಳು. ಮಾತು ಖರೆ ಇತ್ತು. ಕಲ್ಲು ಬಿಟ್ಟರೆ ಸಾಯುವತನಕ ಇಲ್ಲೇ ಇರಬಹುದು, ಯಾರೂ ಎಬ್ಬಿಸರು. ಆದರೆ ಗುರಲಿಂಗಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಪಾಂಡವರಿಗೆ ವಾಚಮನ್ ಕೆಲಸ ಕೊಟ್ಟಿಯಲ್ಲ ಅನ್ನುತ್ತಿದ್ದ. ಅವಳಿಗೆ ಬೇಕಾದದ್ದು ಗುಡಿಯಲ್ಲ. ಜೋಳ.

"ತಗೀತೇನಿ. ರಾಶಿ ಆದಮ್ಯಾಲ," ಎಂದಳು.

"ರಾಶಿ ಯಾವಾಗ ಆಗತೈತಿ?"

"ಕಾಳ ಬಲಿತಮ್ಯಾಲ."

ಚೇತನಕುಮಾರ ತಲೆ ಚಚ್ಚಿಕೊಂಡು ಸಾವಕಾರನಿಗೆ ಫೋನು ಹಚ್ಚಿದ. ಸ್ಪೀಕರ್ ಹಾಕಿದ. ದೇವರ ಮಾತು, ನಾಲ್ಕು ಮಂದಿ ಕೇಳಲಿ ಎಂದು. ಎಲ್ಲ ಕೇಳಿ ಸಂಗನಬಸವ ಕೇಳಿದ್ದು ಬೇರೆಯೇ.

"ತೆನಿ ಹಾಲಿಗೆ ಬಂದಾವೇನ?"

"ಗೊತ್ತಿಲ್ರಿ ಸರ್."

"ಒಂದ ಕಾಳ ಹಿಚುಕಿ ನೋಡಲೇ."

"ಸರ್, ನಾ ಎಂಜಿನಿಯರ್ ಅದೀನ್ರಿ."

"ಕಾಳವ್ವಗ ಕೊಡ ಫೋನ."

ಕಾಳವ್ವ ಫೋನನ್ನು ಮುಖದಿಂದ ದೂರ ಹಿಡಿದು ಹೇಳಿದಳು, "ಹಾಲಿಗೆ ಬಂದಾವ್ರಿ ಸಾವಕಾರ್ರ. ಇನ್ನೆಂಟ ದಿನಕ್ಕ ಸುಟ್ಟ ತಿನ್ನೂ ಸೀತನಿ ಆಕ್ಕಾವ."

ಆ ಕಡೆಯಿಂದ ಸಾವಕಾರ ಅಂದ, "ನಾ ಸೀತನಿ ತಿನ್ನಾಕ ಬರತೇನಿ. ಆ ಹುಡುಗಗ ಹೇಳ, ಮಶೀನ ಹೊರಗ ತಗೀಲಿ. ಬಸುರಿ ಪೈರಿನ ಮ್ಯಾಲ ಮಶೀನ ಹಾಯಿಸಿದ್ರ ನಮ್ಮವ್ವ ನನ್ನ ಮನಿಯೊಳಗ ಕರ್ಕೊಳ್ಳೂದಿಲ್ಲ."

ಹೇಳಿದಂತೆ ಬಂದ. ಕಾರಿನ ತುಂಬ ಮಂದಿ ತಂದ. ಕಾಳವ್ವ ನೆಲ ತೋಡಿ ಕುಳ್ಳಿನ ಕೆಂಡ ಮಾಡಿ ತೆನೆ ಸುಟ್ಟು, ಬಡಿದು, ಕಾಳು ಕೇರಿ ಕೊಟ್ಟಳು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಮೊಸರು. ಟಾವರಿನಲ್ಲಿ ಆಫೀಸು ತಗೊಳ್ಳುವವರು ಬೂಟು ಬಿಚ್ಚಿಟ್ಟು ಎರಿ ಮಣ್ಣಿನಲ್ಲಿ ಕುಳಿತರು. ಟಾವರಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಕಡೆಗೆ ಸಾವಕಾರನೇ ಬಾಯಿ ಒರೆಸಿಕೊಂಡ.

"ಟಾವರ ಆದಮ್ಯಾಲ ಸೀತನಿ ಎಲ್ಲಿ ತಿನ್ನೂದಲೇ ಚೇತನಾ?"

"ಟೆರೇಸ್ ಮ್ಯಾಲ ಸರ್."

"ಅಲ್ಲಿ ನಿಮ್ಮಪ್ಪ ಬಿತ್ತತಾನೇನ?"

ಕಾಳವ್ವ ನಕ್ಕಳು. ಗಂಡ ಹೋದ ಮೇಲೆ ಮೊದಲ ಸಲ. ನಕ್ಕದ್ದು ಗೊತ್ತಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹೋಳಿ ಹಬ್ಬಕ್ಕೆ ಮೊದಲು ಜೋಳ ಕಿತ್ತು, ತೆನೆ ಮುರಿದು, ಬಡಿದು, ತೂರಿದಳು. ದಾವಲಬಿ ಮೊರ ಹಿಡಿದಳು, ಬೈಯುತ್ತ. ಹೊಸ ಜೋಳ ಬೀಸಿಸಿ ರೊಟ್ಟಿ ಬಡಿದಳು. ರೂಢಿಯ ಕೈ, ಇಬ್ಬರಿಗಾಗುವಷ್ಟು ಬಡಿಯಿತು. ಅಷ್ಟನ್ನೂ ತಾನೇ ತಿಂದಳು. ಬಿಡಲು ಮನಸ್ಸಾಗಲಿಲ್ಲ. ಬೀಜಕ್ಕೆಂದು ಒಳ್ಳೆ ತೆನೆಯ ಕಾಳು ತೆಗೆದು ಅವನ ಹಳೆಯ ರುಮಾಲಿನಲ್ಲಿ ಗಂಟು ಕಟ್ಟಿದಳು.

ಮರುದಿನ ಕಲ್ಲು ಎತ್ತಲು ಹೋದಾಗ ಗುಮಾಸ್ತ ಅಡ್ಡ ನಿಂತ. "ದೇವರನ್ನ ಎಬ್ಬಸ್ತೀಯೇನಬೇ?"

"ಇವು ಹೊಲದ ದೇವರು, ಯಪ್ಪಾ. ರಾಶಿ ಆತು. ಇನ್ನ ಇಲ್ಲಿ ಇವಕ್ಕೇನ ಕೆಲಸ?"

"ನನ್ನ ಹರಕಿ?"

"ಸೊಲ್ಲಾಪುರ ಸಿದ್ಧರಾಮಗ ಹೇಳ್ಕೋ. ಅಲ್ಲಿ ಕಾಯಂ ಇರತಾನ."

ಐದೂ ಕಲ್ಲನ್ನು ನೀರಿನಲ್ಲಿ ತಿಕ್ಕಿ ಸುಣ್ಣ ತೊಳೆದಳು. ತಂದಿದ್ದ ಖಡಿಯ ರಾಶಿಗೇ ಹಾಕಿದಳು. ಆಮೇಲೆ ಯಾವುದು ದೇವರು, ಯಾವುದು ಖಡಿ, ಅವಳಿಗೂ ಗೊತ್ತಾಗಲಿಲ್ಲ.

"ಹುಚ್ಚಿ," ಎಂದಳು ದಾವಲಬಿ. "ಕುಂತ ತಿನ್ನೂ ಗುಡಿ ಬಿಟ್ಟಿ."

"ಅವನ ಜ್ವಾಳ ಮನಿಗೆ ಬಂತಲ್ಲ."

ಜೆಸಿಬಿ ಬಂತು. ಗುಂಡಿ ತೋಡಿತು. ದೊಡ್ಡ ಗುಂಡಿ. ತೋಡಿದ ಎರಿ ಮಣ್ಣು ಶೆಡ್ಡಿನ ಪಕ್ಕಕ್ಕೆ ಬಿತ್ತು. ಮಳೆ ಬಂದು ಗುಂಡಿಯಲ್ಲಿ ನೀರು ನಿಂತಿತು. ಗುತ್ತಿಗೆದಾರ ಬದಲಾದ. ಕೆಲಸ ನಿಂತಿತು. ಕಾಳವ್ವ ಮೊದಲು ಜಾಗ ಕಾಯುತ್ತಿದ್ದಳು, ಈಗ ಗುಂಡಿ ಕಾಯುತ್ತಾಳೆ. ದಾವಲಬಿಯ ಅಂಗಡಿಯಲ್ಲಿ ಅದೇ ಮಾತು. ಈ ಸಲ ಟಾವರ ಏಳತೈತಿ ಅಂತ ಒಬ್ಬ. ಏಳೂದಿಲ್ಲ ಅಂತ ಒಬ್ಬ.

ಮದುವೆಯಾಗಿ ದುಂಡಗಾದ ಚೇತನಕುಮಾರ ಹಿಂಗಾರಿ ಮಳೆಯ ಮರುದಿನ ಬಂದ. ಕಾಳವ್ವ ತೋಡಿದ ಮಣ್ಣಿನ ದಿಬ್ಬದ ಮೇಲಿದ್ದಳು. ಕೈಯಲ್ಲಿ ಬಿಚ್ಚಿದ ರುಮಾಲು.

"ಆಯಿ, ಏನ ಮಾಡಾಕತ್ತಿ? ಈ ಮಣ್ಣ ನಾಡಿದ್ದ ಲಾರಿ ಒಯ್ಯತೈತಿ."

"ಯಾವ ನಾಡಿದ್ದ, ಸಾಹೇಬ್ರ?"

ಚೇತನಕುಮಾರ ಬೋರ್ಡಿನ ಕಡೆ ನೋಡಿದ. ಹನ್ನೆರಡೂ ಅಂತಸ್ತು ಬಿಸಿಲಿಗೆ ಮಿಂಚುತ್ತಿದ್ದವು. ಕಾಳವ್ವ ಸಾಲಿಗೆ ಕಾಳು ಬಿಟ್ಟು, ಪಾದದಿಂದ ಮಣ್ಣು ಎಳೆದು ಮುಚ್ಚಿದಳು.