ಮಹಾನಂದಾಳ ರೊಟ್ಟಿ ಸಪ್ಪಳ

ಪಟ್ಟಂದೂರು ಅಗ್ರಹಾರದ ಹಳೇ ಅಂಗಡಿ ಬೀದಿ ಹೊಸದಾಗಿ ತೆರೆದುಕೊಂಡ ಬೆಳಿಗ್ಗೆ ಮಹಾನಂದಾ ಚಪ್ಪಲಿ ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಎಂಟು ತಿಂಗಳು ಅಗೆದು, ಮುಚ್ಚಿ, ಮತ್ತೆ ಅಗೆದ ಬೀದಿ ಅದು. ಕಾಲಿಟ್ಟರೆ ಓಲಾಡುತ್ತಿದ್ದ ಚರಂಡಿ ಚಪ್ಪಡಿಗಳು ಈಗಿಲ್ಲ. ತಲೆಯ ಮೇಲೆ ಜೋಲುತ್ತಿದ್ದ ವೈರುಗಳೆಲ್ಲ ನೆಲದೊಳಗೆ ಹೋಗಿ, ಆಕಾಶ ಇಷ್ಟು ಅಗಲ ಇದೆಯೆಂದು ಬೀದಿಗೆ ಮೊದಲ ಸಲ ಗೊತ್ತಾಗಿತ್ತು. ಹಳೆಯದರಲ್ಲಿ ಉಳಿದದ್ದು ಬೇವಿನ ಮರವೊಂದೇ. ಅದರ ಸುತ್ತ ದುಂಡನೆಯ ಕಲ್ಲುಕಟ್ಟೆ ಕಟ್ಟಿದ್ದರು. ಹಾಸುಗಲ್ಲಿನ ತಂಪು ಅಂಗಾಲಿನಿಂದ ಮೇಲೇರಿ, ನಲವತ್ತೆರಡರ ಹೆಂಗಸಿಗೆ ಕುಂಟೆಬಿಲ್ಲೆ ಆಡುವ ಮನಸ್ಸಾಯಿತು. ಆಡಿದಳು ಕೂಡ, ಎರಡೇ ಚೌಕ, ಯಾರಿಗೂ ಕಾಣದಂತೆ. ಅತ್ತೆ ರುಕ್ಮವ್ವ ನೋಡಿಬಿಟ್ಟಳು.

ಸಿಂದಗಿ ಕಡೆಯ ಹಳ್ಳಿಯಿಂದ ಮಹಾನಂದಾ ಇಲ್ಲಿಗೆ ಬಂದು ಹನ್ನೊಂದು ವರ್ಷ. ಗಂಡ ರೇವಣಸಿದ್ದನ ಜೊತೆ ಇಟ್ಟಿಗೆ ಹೊರಲು ಬಂದವಳು. ಊರ ಕಡೆಯ ಗಾರೆಯವರು ಹೋಟೆಲಿನ ಅನ್ನ ಉಂಡು ಉಂಡು ಮುಖ ಸಣ್ಣ ಮಾಡಿಕೊಂಡು ಕೂತಿದ್ದ ಒಂದು ಮಧ್ಯಾಹ್ನ, ಅರ್ಧ ಎದ್ದ ಕಟ್ಟಡದ ನೆರಳಲ್ಲಿ ಹನ್ನೆರಡು ಜೋಳದ ರೊಟ್ಟಿ ಬಡಿದಳು. ಮರುದಿನದಿಂದ ಅವರು ಅವಳಿಗೆ ಇಟ್ಟಿಗೆ ಮುಟ್ಟಲು ಬಿಡಲಿಲ್ಲ. ಹಾಗೆ ಶುರುವಾದದ್ದು ರಾಮಾಂಜಿನಪ್ಪನ ಸಾಲು ಅಂಗಡಿಗಳಲ್ಲೊಂದಕ್ಕೆ ಬಂದು ನಿಂತಿತು. ರಾಮಾಂಜಿನಪ್ಪ ಒಂದು ಕಾಲಕ್ಕೆ ಈ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವನು, ಈಗ ಬಾಡಿಗೆ ಬೆಳೆಯುವವನು. ಕೆಟ್ಟವನಲ್ಲ. ಬೀದಿ ಅಗೆದಷ್ಟು ದಿನವೂ ಮುಚ್ಚಿದ್ದ ಅವಳ ಅಂಗಡಿಯನ್ನು ಬೇರೆಯವರಿಗೆ ಕೊಡದೆ ಕಾದಿದ್ದ.

ಹೊಸ ಅಂಗಡಿಗೆ ಹದಿನಾಲ್ಕು ಎಂಬ ಸಂಖ್ಯೆ ಬಂತು. ಎಲ್ಲ ಅಂಗಡಿಗೂ ಒಂದೇ ನೀಲಿ ಬೋರ್ಡು, ಒಂದೇ ಅಳತೆಯ ಬಿಳಿ ಅಕ್ಷರ, ಮುಂದೆ ನೆಲದಿಂದ ಸೂರಿನವರೆಗೆ ಗಾಜು. ಬೀದಿಯ ಮಗ್ಗುಲಲ್ಲಿದ್ದ ಒಲೆ ಹಿಂದಿನ ಗೋಡೆಗೆ ಹೋಯಿತು. ಪಾಲಿಕೆಯ ಎಂಜಿನಿಯರ್ ಜ್ಯೋತಿಲಕ್ಷ್ಮಿ ಟೇಪು ಹಿಡಿದು ಬಂದು, ಪಾದಚಾರಿ ಹಾದಿಯಲ್ಲಿ ಒಂದು ಪಾತ್ರೆಯನ್ನೂ ಇಡುವಂತಿಲ್ಲ, ಮರದ ಕಟ್ಟೆ ಜನ ಕೂರುವುದಕ್ಕೆ ಮಾತ್ರ ಎಂದು ಹೇಳಿಹೋದಳು. ಮಹಾನಂದಾ ಎಲ್ಲಕ್ಕೂ ತಲೆಯಾಡಿಸಿದಳು. ಗಾಜಿನಲ್ಲಿ ತನ್ನನ್ನು ಮುಡಿಯಿಂದ ಅಡಿಯವರೆಗೆ ನೋಡಿಕೊಳ್ಳುವುದರಲ್ಲೇ ಅವಳು ಮುಳುಗಿಹೋಗಿದ್ದಳು.

ಆದರೆ ಜನ ಬರಲಿಲ್ಲ. ಮೊದಲ ದಿನ ಮೂವರು ಬಂದರು, ಎರಡನೆಯ ದಿನ ಇಬ್ಬರು. ಎಣ್ಣೆಗಾಯಿ ಬದನೆ ಪಾತ್ರೆಯಲ್ಲೇ ಮುದುಡಿತು. ಐಟಿ ಪಾರ್ಕಿನ ಕಡೆಯಿಂದ ಕಾಫಿ ಕಂಪನಿಯವರು ಬಂದು ಹೊರಗಿನಿಂದಲೇ ಅಂಗಡಿಯ ಫೋಟೊ ತೆಗೆದುಕೊಂಡು ಹೋದರು. ಮೂರನೆಯ ದಿನ ರಾಮಾಂಜಿನಪ್ಪ ಬಂದು ತುಸು ಹೊತ್ತು ಬೀದಿ ಎಷ್ಟು ಚೆನ್ನಾಗಿದೆ ಎಂದೆಲ್ಲ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ.

"ವಾರ ತುಂಬೋವರ್ಗೂ ನೋಡಾನ ಕಣಮ್ಮ. ನಿನ್ ಜನ ಬಂದ್ರೆ ಅಂಗಡಿ ನಿಂದೇ. ಇಂಗೇ ಖಾಲಿ ಕುಂತಿದ್ರೆ ನಾನೇನ್ ಮಾಡ್ಲಿ, ಕಾಫಿಯೋರು ಬಾಗಿಲಲ್ಲೇ ಅವ್ರೆ."

ಏಳನೆಯ ದಿನ ಬಂತು. ಮಹಾನಂದಾ ಹಟಕ್ಕೆ ಬಿದ್ದವಳಂತೆ ಎಂದಿನಷ್ಟೇ ಹಿಟ್ಟು ನಾದಿದಳು. ಹನ್ನೆರಡೂವರೆಯಾಯಿತು. ಗಾಜಿನಾಚೆ ಗುರುತಿನ ಜನ ಗುಂಪಾಗಿ ಹೋಗುತ್ತಿದ್ದರು, ತಿರುಗಿ ಬರುತ್ತಿದ್ದರು, ಸಿಮೆಂಟು ಮೆತ್ತಿದ ತಮ್ಮ ಕಾಲುಗಳನ್ನೊಮ್ಮೆ, ಹೊಳೆಯುವ ಬಾಗಿಲುಗಳನ್ನೊಮ್ಮೆ ನೋಡಿ ಮುಂದೆ ಸಾಗುತ್ತಿದ್ದರು. ಕೈ ಬೀಸಿದಳು. ಬಿಸಿಲಿಗೆ ಗಾಜು ಅವರಿಗೆ ಅವರ ಮುಖವನ್ನೇ ತೋರಿಸಿತು.

ಅಷ್ಟರಲ್ಲಿ ಪಕ್ಕದ ಹದಿಮೂರನೆಯ ಅಂಗಡಿಯಿಂದ ಗಲಾಟೆ ಕೇಳಿತು. ಅದು ಶಶಿಕುಮಾರನ ಸಲೂನು.

ನಡೆದದ್ದು ಇಷ್ಟು. ಕಂಬಿ ಕಟ್ಟುವ ಭರಮಪ್ಪ ಮಹಾನಂದಾಳ ಹತ್ತು ವರ್ಷದ ಗಿರಾಕಿ. ರೊಟ್ಟಿ ಇಲ್ಲದ ದಿನಗಳು ಸಾಕಾಗಿ ಧೈರ್ಯ ಮಾಡಿ, ಅವಳಿದ್ದರೆ ಇಲ್ಲೇ ಇರಬೇಕೆಂದು ಚಪ್ಪಲಿ ಹೊರಗೆ ಬಿಟ್ಟು ಒಂದು ಗಾಜಿನ ಬಾಗಿಲು ತಳ್ಳಿದ್ದ. ಕೂರಿ ಅಣ್ಣ ಎಂದರು, ಕೂತ. ಕುರ್ಚಿ ಹಿಂದಕ್ಕೆ ವಾಲಿದಾಗ, ಬೀದಿ ಸುಧಾರಿಸಿದೆ ಅಂದುಕೊಂಡ. ಕೊರಳಿಗೆ ಬಿಳಿ ಬಟ್ಟೆ ಕಟ್ಟಿದಾಗ, ಎಣ್ಣೆಗಾಯಿ ಅಂಗಿಗೆ ಬೀಳಬಾರದೆಂದು ಸರಕಾರವೇ ಕೊಟ್ಟಿರಬೇಕು ಅಂದುಕೊಂಡ. ಮುಖಕ್ಕೆ ನೀರು ಚಿಮುಕಿಸಿದ್ದನ್ನೂ ಊಟದ ಮುಂಚಿನ ಮರ್ಯಾದೆಯೆಂದೇ ಸಹಿಸಿದ. ತಂಪಿಗೆ ಕಣ್ಣು ಮುಚ್ಚಿತು. ಎಡಗೆನ್ನೆ ನುಣ್ಣಗಾಗಿ ಕತ್ತಿ ಬಲಗಡೆಗೆ ಬಂದಾಗಲಷ್ಟೇ ಎಚ್ಚರವಾಗಿ ಕೇಳಿದ.

"ಅಲ್ರೀ, ಇವತ್ತು ಪಲ್ಯಾ ಏನೈತಿ?"

ಶಶಿಕುಮಾರನ ಕೈ ನಿಂತಿತು. "ಗುರು, ಇಲ್ಲಿ ಕಟಿಂಗ್, ಶೇವಿಂಗ್, ಫೇಶಿಯಲ್. ಪಲ್ಯ ಇನ್ನೂ ಶುರು ಮಾಡಿಲ್ಲ."

ಸಲೂನಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಭರಮಪ್ಪ ಕೊರಳ ಬಟ್ಟೆಯ ಸಮೇತ ಎದ್ದು ಓಡಿದ. ನೋಡಲು ಬಂದ ಮಹಾನಂದಾ ಬಾಗಿಲಲ್ಲೇ ಸಿಕ್ಕಳು. ಒಂದು ಕೆನ್ನೆ ಬೋಳು, ಇನ್ನೊಂದರ ಮೇಲೆ ನೊರೆ. ಅವಳಿಗೆ ನಗು ತಡೆಯಲಾಗಲಿಲ್ಲ, ಆ ವಾರದ ಮೊದಲ ನಗು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹತ್ತು ವರ್ಷ ಉಂಡವನಿಗೆ ಬೋರ್ಡು ಕಾಣಲಿಲ್ಲವೇ ಎಂದು ಗದರಿದಳು.

"ಬೋರ್ಡ್ ಯಾವಾಗ ನೋಡೀವಿ ಅಕ್ಕಾ?" ಅಂದ ಭರಮಪ್ಪ. "ನಿನ್ನ ರೊಟ್ಟಿ ಸಪ್ಪಳ ಹಿಡದು ಬರತಿದ್ವಿ. ಓಣಿ ತೆರದು ಒಂದು ವಾರ ಆತು, ಸಪ್ಪಳಽ ಇಲ್ಲ. ಊರಿಗೆ ಹೋದಿ ಅಂತ ತಿಳದ್ವಿ."

ಮಹಾನಂದಾ ತನ್ನ ಅಂಗೈ ನೋಡಿಕೊಂಡಳು. ಊರಲ್ಲಿ ಬೆಳಗಿನ ಜಾವ ಯಾರ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆಂದು ಹಾಸಿಗೆಯಲ್ಲೇ ಗುರುತಿಸುತ್ತಿದ್ದರು. ಹೆಣ್ಣು ನೋಡಲು ಹೋದ ರುಕ್ಮವ್ವ ಇವಳ ಮುಖ ನೋಡುವ ಮೊದಲೇ ಕೇಳಿದ್ದು ಕೈಯ ಸಪ್ಪಳವನ್ನು. ಎರಡು ಬಿರುಸು, ಒಂದು ಮೆತ್ತಗೆ, ಆಮೇಲೆ ತಿರುವು. ಅಂಥ ಕೈಯನ್ನು ತಾನೇ ಒಯ್ದು ಗಾಜಿನ ಹಿಂದೆ ಇಟ್ಟಿದ್ದಳು.

ಒಳಗೆ ಹೋಗಿ ರೊಟ್ಟಿ ಬಡಿಯುವ ಹಲಗೆ, ಹಿಟ್ಟಿನ ಬುಟ್ಟಿ ಎತ್ತಿಕೊಂಡು ಬಂದಳು. ಒಲೆ ನೋಡಿಕೊಳ್ಳಲು ಅತ್ತೆಗೆ ಹೇಳಿ, ಬೇವಿನ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲ ಪೆಟ್ಟು ಬಿತ್ತು. ಎಂಟು ತಿಂಗಳಿಂದ ಬರೀ ಯಂತ್ರಗಳ ಸದ್ದು ಕೇಳಿದ್ದ ಬೀದಿ ಕಿವಿ ನಿಮಿರಿಸಿತು. ಎರಡು ಬಿರುಸು, ಒಂದು ಮೆತ್ತಗೆ, ತಿರುವು. ಹೊಸ ಗಾಜುಗಳೆಲ್ಲ ಆ ಸಪ್ಪಳವನ್ನು ಒಂದಕ್ಕೊಂದು ಎಸೆದಾಡಿ ಬೀದಿಯ ಕೊನೆಯವರೆಗೆ ಮುಟ್ಟಿಸಿದವು.

ಮೊದಲು ಮೂಲೆಯಲ್ಲಿ ನಾಲ್ಕು ಜನ ನಿಂತು ತಿರುಗಿದರು. ಆಮೇಲೆ ಕೂಲಿಯವರ ಶೆಡ್ಡುಗಳ ಕಡೆಯಿಂದ ಗುಂಪು ಬಂತು, ಕೆಲವರು ತಲೆಯ ಹೆಲ್ಮೆಟ್ಟನ್ನೂ ತೆಗೆಯದೆ. ಹಿಂದಿನ ಬಾಡಿಗೆ ಕೋಣೆಗಳಿಂದ ಮೂವರು ಹೆಂಗಸರು ಬಂದು, ಕೇಳದೆಯೇ ಸೆರಗು ಸಿಕ್ಕಿಸಿ ಹಿಟ್ಟಿಗೆ ಕೈ ಹಾಕಿದರು. ಈಗ ನಾಲ್ಕು ಜೊತೆ ಕೈ, ನಾಲ್ಕು ತರದ ತಾಳ. ಬಡಿದ ರೊಟ್ಟಿ ಕೈಯಿಂದ ಕೈಗೆ ಒಳಗೆ ಹೋಗಿ, ಉಬ್ಬಿಕೊಂಡು ಹೊರಗೆ ಬರುತ್ತಿತ್ತು. ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಹಾಕಿದ ಕಂಪನಿಯ ಹುಡುಗಿಯರು ನಿಂತು ವಿಡಿಯೊ ಮಾಡಿ, ಆಮೇಲೆ ಫೋನು ಒಳಗಿಟ್ಟು ಸಾಲಿನಲ್ಲಿ ನಿಂತರು.

ಟೇಪು ಹಿಡಿದ ಜ್ಯೋತಿಲಕ್ಷ್ಮಿ ಜನರನ್ನು ಸೀಳಿಕೊಂಡು ಬಂದು, ಇದೇನು ಎಂದು ಕೇಳಿದಳು.

"ಕಟ್ಟಿ ಕುಂದ್ರಾಕ ಐತಿ ಅಂತ ನೀವಽ ಹೇಳಿದ್ರಿ ಮೇಡಂ," ಅಂದಳು ಮಹಾನಂದಾ, ಕೈ ನಿಲ್ಲಿಸದೆ. "ಕುಂತೀನಿ."

ಜ್ಯೋತಿಲಕ್ಷ್ಮಿ ಗಂಭೀರವಾಗಿರಲು ನೋಡಿದಳು. ಆಗಲಿಲ್ಲ. ಶೇಂಗಾ ಚಟ್ನಿಯ ಜೊತೆ ಒಂದು ರೊಟ್ಟಿ ಅವಳ ಕೈಗೂ ಬಂತು. ಅದನ್ನು ತಿನ್ನುತ್ತಲೇ ಹದಿನಾಲ್ಕರ ಗಾಜನ್ನು ಅಳೆದು, ಕೆಳಗಿನ ಅರ್ಧವನ್ನು ತೆರೆಯುವ ಕಿಟಕಿ ಮಾಡಲು ನಕ್ಷೆಯಲ್ಲಿ ಅವಕಾಶ ಇದೆ, ಹಲಗೆ ಅದರ ಒಳಗಡೆ ಇಟ್ಟುಕೊಳ್ಳಬೇಕು ಎಂದಳು.

ರಾಮಾಂಜಿನಪ್ಪ ಬಂದಾಗ ಅವನ ಅಂಗಡಿಯ ಬಾಗಿಲು ಅವನಿಗೇ ಸಿಗಲಿಲ್ಲ. ಸಾಲಿನಲ್ಲಿ ನಿಂತವರು, ಹಿಂದಕ್ಕೆ ಹೋಗಿ ಯಜಮಾನ್ರೇ, ಎಲ್ಲರಿಗೂ ಹಸಿವಿದೆ ಅಂದರು. ಅವನು ಹಿಂದಕ್ಕೆ ಹೋಗಿ ನಿಂತ. ಸರದಿ ಬರುವಷ್ಟರಲ್ಲಿ ಜೇಬಿನ ಫೋನು ಎರಡು ಸಲ ಬಡಿದುಕೊಂಡಿತು. ಎರಡನೆಯ ಸಲ ಎತ್ತಿದ.

"ಇಲ್ಲ ಸಾರ್, ಆ ಅಂಗಡಿ ಖಾಲಿ ಇಲ್ಲ," ಅಂದ. ಆ ಕಡೆಯವರು ಏನೋ ಕೇಳಿದರು. ಅವನು ಫೋನನ್ನು ಕಟ್ಟೆಯ ಕಡೆ ಚಾಚಿ ಹಿಡಿದ. "ಕೇಳಿಸ್ತಾ?"

ಮರದ ಆ ಬದಿಯಲ್ಲಿ ಭರಮಪ್ಪ ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದ. ಬಲಗೆನ್ನೆಯ ನೊರೆ ಒಣಗಿ ಹಪ್ಪಳವಾಗಿತ್ತು. ಪಕ್ಕದಲ್ಲಿ ಶಶಿಕುಮಾರ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ರೊಟ್ಟಿ ಹಿಡಿದು, ಅವನು ಅಗಿಯುವುದನ್ನು ನಿಲ್ಲಿಸಲೆಂದು ಕಾಯುತ್ತ ಕೂತಿದ್ದ.